ಡೆಲಿವರಿ ವಾರಂಟ್ ದಿನದ ಖರ್ಚು: ಬೇಲಿಫ್‌ಗೆ ಎಷ್ಟು, ಯಾರು, ಯಾವ ಲೆಕ್ಕದಲ್ಲಿ ಕೊಡಬೇಕು?

ಮಲೆನಾಡ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕು ಊರಲ್ಲಿ ಅಮ್ಮನ ಹೆಸರಿನ ಒಂದು ಹಳೇ ಮನೆ ಇದೆ. ಬಾಡಿಗೆಗೆ ಇದ್ದವರು ಬಿಡಲಿಲ್ಲ. ಕೇಸು ನಡೆದು ಡಿಕ್ರಿ ನಮ್ಮ ಕಡೆ ಆಯಿತು. ಈಗ ಅಮಲ್ಜಾರಿ (ಡಿಕ್ರಿ ಜಾರಿ) ಅರ್ಜಿಯಲ್ಲಿ ಡೆಲಿವರಿ ವಾರಂಟ್, ಅಂದರೆ ಬೇಲಿಫ್ (ಕೋರ್ಟಿನ ಜಾರಿ ಸಿಬ್ಬಂದಿ) ಬಂದು ಮನೆ ಬಿಡಿಸಿಕೊಡಬೇಕು ಅನ್ನುವ ಆದೇಶ ಹೊರಟಿದೆ. ಅದಕ್ಕೆ ಪ್ರೊಸೆಸ್ ಫೀ (ಪಿಎಫ್) ಕಟ್ಟಿದ್ದೇವೆ, ರಸೀದಿಯೂ ಇದೆ.

ನಿನ್ನೆ ವಕೀಲರ ಗುಮಾಸ್ತರು ಫೋನ್ ಮಾಡಿ, "ಅಕ್ಕಾ, ಬೇಲಿಫ್ ಬರೋ ದಿನಕ್ಕೆ 15 ಸಾವಿರ ರೆಡಿ ಇಟ್ಕೊಳ್ಳಿ" ಅಂದರು. ಏನೇನಕ್ಕೆ ಅಂತ ಕೇಳಿದೆ. ಕಾರು, ಬೀಗ ಒಡೆಯುವವರು, ಸಾಮಾನು ಹೊರಗಿಡಲು ಕೂಲಿ, ಪೊಲೀಸರು, ಊಟ, "ಆಮೇಲೆ ಸ್ಟಾಫ್‌ಗೆ ಏನಾದ್ರೂ" ಅಂದರು. ರಸೀದಿ ಸಿಗುತ್ತಾ ಅಂದರೆ ನಕ್ಕುಬಿಟ್ಟರು.

ಫೀ ಕಟ್ಟಿದ ಮೇಲೂ ಇದೆಲ್ಲ ಕೊಡಬೇಕಾ? ಕೊಟ್ಟರೆ ಆ ಬಾಡಿಗೆದಾರರಿಂದ ವಾಪಸ್ ವಸೂಲಿ ಮಾಡಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ. ಯಾವ ಕೋರ್ಟು ಅಂತ ಮಾತ್ರ ಕೇಳಬೇಡಿ.

ಬಯಲುಸೀಮೆಯವ

ಮೇಡಂ, ಕೊಟ್ಟು ಕೆಲಸ ಮುಗಿಸ್ಕೊಳ್ಳಿ. ಇಷ್ಟು ವರ್ಷ ಕಾದಿದ್ದೀರಿ, ಕೊನೇ ದಿನ 15 ಸಾವಿರಕ್ಕೆ ನೋಡಬೇಡಿ. "ಬಾಗಿಲು ಹಾಕಿದೆ, ಯಾರೂ ಇಲ್ಲ" ಅಂತ ಒಂದು ಷರಾ ಬರೆದು ವಾರಂಟ್ ವಾಪಸ್ ಕಳಿಸಿದರೆ ಮತ್ತೆ ಡೇಟು, ಮತ್ತೆ ಪಿಎಫ್, ಮತ್ತೆ ವಕೀಲರ ಫೀಸು. ನಮ್ಮ ದೊಡ್ಡಪ್ಪನ ಜಮೀನಿನ ಕೇಸಲ್ಲಿ ಹಾಗೇ ಆಗಿದ್ದು. ಕಾನೂನು ಮಾತಾಡುವವರು ನಿಮ್ಮ ಮನೆ ಬೀಗ ತೆಗೆಸಿಕೊಡಲ್ಲ.

ಕರಿಕೋಟು

ಮೇಲಿನವರ ಸಿಟ್ಟು ಅರ್ಥವಾಗುತ್ತದೆ, ಸಲಹೆ ಮಾತ್ರ ಒಪ್ಪಲ್ಲ. ಈ 15 ಸಾವಿರದಲ್ಲಿ ಮೂರು ಬೇರೆ ಬೇರೆ ದುಡ್ಡು ಕಲಸಿಹೋಗಿದೆ. ಮೊದಲು ಅದನ್ನು ಬಿಡಿಸಿ.

ಒಂದನೆಯದು ಪ್ರೊಸೆಸ್ ಫೀ. ಸಿವಿಲ್ ಪ್ರಕ್ರಿಯಾ ಸಂಹಿತೆಯ 48ನೇ ಆದೇಶದ 1ನೇ ನಿಯಮ ಹೇಳುವುದು ಇಷ್ಟು: ಯಾರ ಪರವಾಗಿ ಪ್ರೊಸೆಸ್ (ಸಮನ್ಸ್, ವಾರಂಟ್ ಇಂಥದ್ದು) ಹೊರಡುತ್ತದೋ ಅವರ ಖರ್ಚಿನಲ್ಲೇ ಅದು ಜಾರಿಯಾಗಬೇಕು, ಅದರ ಫೀ ಪ್ರೊಸೆಸ್ ಹೊರಡುವ ಮುಂಚೆಯೇ ಕಟ್ಟಿರಬೇಕು. ನೀವು ಕಟ್ಟಿದ್ದು ಅದು. ಆ ದುಡ್ಡು ಸರ್ಕಾರಕ್ಕೆ ಹೋಗುತ್ತದೆ, ಬೇಲಿಫ್ ಜೇಬಿಗಲ್ಲ. ಅವರಿಗೆ ಸರ್ಕಾರಿ ಸಂಬಳ ಇದೆ, ಓಡಾಟಕ್ಕೆ ಪ್ರಯಾಣ ಭತ್ಯೆ ಇದೆ.

ಎರಡನೆಯದು ನಿಜವಾದ ಖರ್ಚು. ಬೀಗ ತೆಗೆಯುವವನ ಕೂಲಿ, ಸಾಮಾನು ಹೊರಗಿಡುವವರ ಕೂಲಿ, ಟೆಂಪೋ, ಫೋಟೋ. ಇದು ಪಿಎಫ್‌ನಲ್ಲಿ ಬರಲ್ಲ. ಡಿಕ್ರಿದಾರರೇ (ಕೇಸು ಗೆದ್ದವರೇ) ಮೊದಲು ಹಾಕಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆಲಸ ಮಾಡಿದವನ ಕೈಗೆ ನೀವೇ ನೇರವಾಗಿ ಕೊಡಿ, ಬರಹದಲ್ಲಿ ಕೊಡಿ.

ಮೂರನೆಯದು "ಏನಾದ್ರೂ". ಅದಕ್ಕೆ ಕಾನೂನಲ್ಲಿ ಬೇರೆ ಹೆಸರಿದೆ, ನಿಮಗೂ ಗೊತ್ತು.

ವಸೂಲಿ ಆಗುತ್ತಾ ಅಂದರೆ, ಎರಡನೆಯದು ಆಗುತ್ತದೆ. ಅದಕ್ಕೆ ಮೂರು ಕಾಗದ ಬೇಕು. ಜಾರಿಗೆ ಮುಂಚೆ ಕೋರ್ಟಿಗೆ ಒಂದು ಮೆಮೊ ಹಾಕಿ: ಬೀಗ ಒಡೆಯಲು ಅನುಮತಿ, ಪೊಲೀಸ್ ನೆರವು, ಅಂದಾಜು ಖರ್ಚು ಇಷ್ಟು ಅಂತ. ಜಾರಿಯ ದಿನ ಆ ಖರ್ಚು ಬೇಲಿಫ್ ವರದಿಯಲ್ಲೋ ಮಹಜರಿನಲ್ಲೋ ಬರುವಂತೆ ನೋಡಿಕೊಳ್ಳಿ. ಆಮೇಲೆ ಬಿಲ್ಲುಗಳ ಜೊತೆ ಖರ್ಚಿನ ಮೆಮೊ ಹಾಕಿ, ಅಮಲ್ಜಾರಿ ವೆಚ್ಚ ಅಂತ ಎದುರಾಳಿ ಮೇಲೆ ಹಾಕಲು ಕೇಳಿ. ಕೊಡಿಸುವುದು ಬಿಡುವುದು ಕೋರ್ಟಿನ ವಿವೇಚನೆ. ಆದರೆ ಕಾಗದವೇ ಇಲ್ಲದಿದ್ದರೆ ಕೇಳುವುದಕ್ಕೂ ಆಗಲ್ಲ.

ಪೊಲೀಸರ ವಿಷಯ. ನೆರವು ಬೇಕಾದರೆ ಕೋರ್ಟಿನ ಆದೇಶ ಠಾಣೆಗೆ ಹೋಗಬೇಕು. ಇಲಾಖೆಗೆ ಏನಾದರೂ ಶುಲ್ಕ ಕಟ್ಟಬೇಕು ಅಂದರೆ ಚಲನ್ ಕೇಳಿ. ಗುಮಾಸ್ತರ ಕೈಗೆ ಕೊಡುವ ದುಡ್ಡಲ್ಲ ಅದು.

ಹಳೇ ಬೇಲಿಫ್

ನಾನು ಈ ಕೆಲಸದಲ್ಲಿದ್ದು ನಿವೃತ್ತನಾದವನು. ಎಲ್ಲರೂ ಬೇಲಿಫ್ ಅಂದ್ರೆ ಕೈಚಾಚುವವನು ಅಂದುಕೊಳ್ತೀರಿ. ಅಂಥವರಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಕೆಲಸ ಹೇಗೆ ನಡೆಯುತ್ತೆ ಅಂತಲೂ ಸ್ವಲ್ಪ ಕೇಳಿ.

ವಾರಂಟ್ ಕೋರ್ಟಿಂದ ನಾಜರ್ ಶಾಖೆಗೆ (ಸಮನ್ಸ್, ವಾರಂಟ್ ಜಾರಿ ನೋಡಿಕೊಳ್ಳುವ ವಿಭಾಗ) ಬರುತ್ತೆ. ಅಲ್ಲಿ ರಿಜಿಸ್ಟರಿಗೆ ಹತ್ತಿ, ಯಾವ ಏರಿಯಾ ಯಾರದು ಅಂತ ನೋಡಿ ನಮ್ಮ ಕೈಗೆ ಕೊಡ್ತಾರೆ. ವಾರಂಟಲ್ಲಿ ಎರಡು ತಾರೀಕು ಇರುತ್ತೆ: ಯಾವತ್ತಿನೊಳಗೆ ಜಾರಿ ಮಾಡಬೇಕು, ಯಾವತ್ತಿನೊಳಗೆ ವಾಪಸ್ ಕೊಡಬೇಕು. ಅದೇ ಸಂಹಿತೆಯ 21ನೇ ಆದೇಶದ 25ನೇ ನಿಯಮ ನಮಗೆ ಬಾಯಿಪಾಠ. ಜಾರಿ ಆಯಿತೋ, ಯಾವ ದಿನ ಆಯಿತು, ಹೇಗೆ ಆಯಿತು ಅಂತ ವಾರಂಟ್ ಮೇಲೇ ಷರಾ ಬರೆಯಬೇಕು. ತಡವಾದರೆ ಯಾಕೆ ತಡ ಅಂತ ಬರೆಯಬೇಕು. ಆಗಲೇ ಇಲ್ಲ ಅಂದರೆ ಯಾಕೆ ಆಗಲಿಲ್ಲ ಅಂತ ಬರೆಯಬೇಕು.

ನೆನಪಿಡಿ, "ಜಾರಿ ಮಾಡಲು ಆಗಲಿಲ್ಲ" ಅಂತ ಬರೆದರೆ ಕೋರ್ಟು ಬೇಲಿಫ್‌ನ ಕರೆದು ವಿಚಾರಿಸಬೇಕು ಅಂತ ಅದೇ ನಿಯಮದ ಎರಡನೇ ಭಾಗ ಹೇಳುತ್ತೆ. ಸಾಕ್ಷಿಗಳನ್ನೂ ಕರೆಸಬಹುದು. ಬಹಳಷ್ಟು ಪಾರ್ಟಿಗಳು ಇದನ್ನು ಕೇಳೋದೇ ಇಲ್ಲ. ಸುಮ್ನೆ ಮತ್ತೆ ಪಿಎಫ್ ಕಟ್ಟಿ ಇನ್ನೊಂದು ವಾರಂಟ್ ತಗೋತಾರೆ. ಬಯಲುಸೀಮೆಯವರೇ, ನಿಮ್ಮ ದೊಡ್ಡಪ್ಪನ ವಕೀಲರು ಆವತ್ತು ಎದ್ದು ನಿಂತು "ಬೇಲಿಫ್ ಹೇಳಿಕೆ ತಗೊಳ್ಳಿ ಸ್ವಾಮಿ" ಅಂದಿದ್ದರೆ ಕಥೆ ಬೇರೆ ಆಗ್ತಿತ್ತು. ನಮ್ಮನ್ನು ಒಂದು ಸಲ ಕಟಕಟೆಗೆ ಹತ್ತಿಸಿದರೆ ಎರಡನೇ ಷರಾ ಬಹಳ ನೆಟ್ಟಗೆ ಬರುತ್ತೆ.

ಇನ್ನು ದುಡ್ಡು. ಹೋಗಿ ಬಂದ ಖರ್ಚು ಮೊದಲು ನಮ್ಮ ಕೈಯಿಂದ ಹೋಗುತ್ತೆ. ಆಮೇಲೆ ಟಿಎ (ಪ್ರಯಾಣ ಭತ್ಯೆ) ಬಿಲ್ ಬರೆಯಬೇಕು: ಯಾವ ತಾರೀಕು, ಯಾವ ಕೇಸ್ ನಂಬರು, ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಎಷ್ಟು ಹೊತ್ತಿಗೆ ಹೊರಟಿದ್ದು, ಎಷ್ಟು ಹೊತ್ತಿಗೆ ಬಂದಿದ್ದು. ವಾರಂಟ್ ಮೇಲಿನ ಷರಾಕ್ಕೂ ಬಿಲ್ಲಿಗೂ ತಾಳೆ ಆಗಬೇಕು. ಷರಾದಲ್ಲಿ ಬೆಳಗ್ಗೆ 11 ಗಂಟೆಗೆ ಒಂದು ಹಳ್ಳಿಯಲ್ಲಿದ್ದೆ ಅಂತ ಬರೆದು, ಬಿಲ್ಲಿನಲ್ಲಿ ಅದೇ ಹೊತ್ತಿಗೆ ಇನ್ನೊಂದು ದಿಕ್ಕಿನ ಊರಿಗೆ ಹೋಗಿದ್ದೆ ಅಂತ ಬರೆದರೆ ಬಿಲ್ ನೋಡುವ ಕೋರ್ಟಿನ ಗುಮಾಸ್ತರು ಕೆಂಪು ಪೆನ್ನಲ್ಲಿ ಗೆರೆ ಎಳೀತಾರೆ. ಒಂದೇ ಬಸ್ಸಲ್ಲಿ ಹೋಗಿ ಐದು ಸಮನ್ಸ್ ಕೊಟ್ಟು ಬಂದರೆ ಒಂದೇ ಪ್ರಯಾಣ, ಐದಲ್ಲ. ಇಲ್ಲೇ ಕೆಲವರು ಜಾರ್ತಾರೆ. ಬಿಲ್ ಪಾಸಾಗಿ ದುಡ್ಡು ಬರೋದು ನಿಧಾನ. ಬಸ್ಸೇ ಹೋಗದ ಊರಿಗೆ ಆಟೋ ಮಾಡಿಕೊಂಡು ಹೋದರೆ ಆ ಪೂರ್ತಿ ದುಡ್ಡು ಬರಲ್ಲ. ಬೀಗ ಒಡೆಯುವವನ ಕೂಲಿಗೆ ನಮ್ಮ ಬಿಲ್ಲಿನಲ್ಲಿ ಜಾಗವೇ ಇಲ್ಲ. ಪಾರ್ಟಿ ಹತ್ತಿರ "ನೀವೇ ವ್ಯವಸ್ಥೆ ಮಾಡಿ" ಅನ್ನೋದು ಇಲ್ಲಿಂದ ಶುರುವಾಗುತ್ತೆ. ಕೆಲವರು ಅಲ್ಲಿಗೇ ನಿಲ್ಲಿಸ್ತಾರೆ. ಕೆಲವರು ಮುಂದುವರೀತಾರೆ.

ನಾನು ಮಾಡ್ತಿದ್ದದ್ದು ಹೀಗೆ. ವರದಿಯಲ್ಲೇ ಬರೀತಿದ್ದೆ: "ಡಿಕ್ರಿದಾರರು ಕರೆತಂದ ಬೀಗದ ಕೆಲಸದವರಿಂದ ಪಂಚರ ಸಮಕ್ಷಮ ಬೀಗ ತೆಗೆಸಲಾಯಿತು, ಕೂಲಿಯನ್ನು ಡಿಕ್ರಿದಾರರು ಇಷ್ಟು ರೂಪಾಯಿ ಕೊಟ್ಟಿರುತ್ತಾರೆ." ಅಷ್ಟೇ. ನಾಳೆ ಅವರು ವೆಚ್ಚ ಕೇಳಿದಾಗ ಅದೇ ಆಧಾರ. ನನ್ನ ಮೇಲೆ ಯಾರೂ ಬೆರಳು ತೋರಿಸೋದಕ್ಕೂ ಆಗಲ್ಲ.

ಮೇಡಂ, ಹೊತ್ತಿನ ಬಗ್ಗೆಯೂ ಒಂದು ಮಾತು. ಸಾಮಾನು (ಚರಾಸ್ತಿ) ಜಪ್ತಿಗೆ ಅಂತ ವಾಸದ ಮನೆಗೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಪ್ರವೇಶ ಮಾಡುವ ಹಾಗಿಲ್ಲ ಅಂತ ಸಂಹಿತೆಯ 62ನೇ ಕಲಮಿನಲ್ಲಿದೆ. ನಿಮ್ಮದು ಜಪ್ತಿ ಅಲ್ಲದಿದ್ದರೂ ಬೆಳಗ್ಗೆ ಬೇಗ ಶುರು ಮಾಡಿಸಿ. ಮಧ್ಯಾಹ್ನ ಶುರು ಮಾಡಿದರೆ ಸಾಮಾನು ಪಟ್ಟಿ ಬರೆಯುವಷ್ಟರಲ್ಲಿ ಕತ್ತಲಾಗುತ್ತೆ, ಎರಡನೇ ದಿನದ ಕೂಲಿ ನಿಮ್ಮ ತಲೆಗೇ.

ಬಯಲುಸೀಮೆಯವ

ಸರ್, ನೀವು ಒಳ್ಳೆಯವರು, ಒಪ್ಪಿದೆ. ಎಲ್ಲರೂ ನಿಮ್ಮ ಹಾಗೆ ಬರೀತಾರಾ? ಆ ಬೇಲಿಫ್ ಹೇಳಿಕೆ ವಿಷಯ ಮಾತ್ರ ನಮಗೆ ಯಾರೂ ಹೇಳಿರಲಿಲ್ಲ.

ಕರಿಕೋಟು

ಕೊಡುವವರಿಗೆ ಒಂದು ಎಚ್ಚರಿಕೆ. 2018ರ ತಿದ್ದುಪಡಿ ಆದ ಮೇಲೆ ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಮಿನಲ್ಲಿ ಲಂಚ ಕೊಡುವವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ರಕ್ಷಣೆ. ಕರ್ನಾಟಕದಲ್ಲಿ 2022ರಲ್ಲಿ ಹೈಕೋರ್ಟ್ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) ರದ್ದು ಮಾಡಿದ ಮೇಲೆ ಇದೆಲ್ಲ ಮತ್ತೆ ಲೋಕಾಯುಕ್ತ ಪೊಲೀಸರ ಬಳಿ ಇದೆ. ಕೊಡುವ ಮುಂಚೆಯೇ ದೂರು ಕೊಟ್ಟರೆ ಇನ್ನೂ ಒಳ್ಳೆಯದು. ಅಷ್ಟು ದೂರ ಹೋಗಲು ಮನಸ್ಸಿಲ್ಲದಿದ್ದರೆ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಆಡಳಿತಾತ್ಮಕ ದೂರು ಬರೆಯಬಹುದು.

ಮೇಡಂ ಕೇಸಿನಲ್ಲಿ ಇನ್ನೊಂದು ಸಾಧ್ಯತೆ ಇದೆ. ದುಡ್ಡು ಕೇಳುತ್ತಿರುವುದು ಗುಮಾಸ್ತರು. ಬೇಲಿಫ್ ಕೇಳಿದ್ದಾರಾ ಅನ್ನುವುದೇ ಗೊತ್ತಿಲ್ಲ. ನಮ್ಮ ಕಸುಬಿನವರ ಮೇಲೇ ಹೇಳ್ತಿದ್ದೇನೆ, ಬೇಲಿಫ್ ಹೆಸರಲ್ಲಿ ಮಧ್ಯದವರು ಉಳಿಸಿಕೊಳ್ಳುವುದು ಹೊಸದೇನಲ್ಲ. ವಕೀಲರ ಹತ್ತಿರ ನೇರವಾಗಿ ಮಾತಾಡಿ.

ತುಳುನಾಡಿಂದ ಲಂಡನ್ನಿಗೆ

ಇಲ್ಲಿನದು ಪೂರ್ತಿ ಬೇರೆ ಲೆಕ್ಕ, ಅದಕ್ಕೇ ಹೇಳ್ತೇನೆ. ಇಂಗ್ಲೆಂಡಿನಲ್ಲಿ ಕೌಂಟಿ ಕೋರ್ಟ್ ಬೇಲಿಫ್‌ಗಳು ಸಂಬಳದವರು. ಆದರೆ ಕೌನ್ಸಿಲ್ ಟ್ಯಾಕ್ಸ್ ಬಾಕಿ, ಪಾರ್ಕಿಂಗ್ ದಂಡ ಇಂಥದ್ದಕ್ಕೆ ಬರುವವರು ಖಾಸಗಿ ಏಜೆಂಟರು. ಅವರ ಆದಾಯ ಅಂದರೆ ಫೀಸೇ. 2014ರ ನಿಯಮದಲ್ಲಿ ಅದನ್ನು ಹಂತ ಹಂತವಾಗಿ ನಿಗದಿ ಮಾಡಿದರು. ಆಗ ಇಟ್ಟ ದರ ಹೀಗಿತ್ತು: ಕೇಸು ಏಜೆಂಟ್ ಕೈಗೆ ಬಂದ ಕೂಡಲೇ 75 ಪೌಂಡ್, ಬಾಗಿಲಿಗೆ ಬಂದರೆ 235, ಮಾರಾಟದ ಹಂತಕ್ಕೆ ಹೋದರೆ 110. ಬಾಕಿ 1,500 ಪೌಂಡ್ ದಾಟಿದರೆ ಕೊನೆಯ ಎರಡು ಹಂತಗಳಲ್ಲಿ ದಾಟಿದ ಮೊತ್ತದ ಮೇಲೆ ಶೇಕಡ 7.5. ಎಲ್ಲವೂ ಸಾಲಗಾರನ ತಲೆ ಮೇಲೆ.

ಒಳ್ಳೆಯದೇನು ಅಂದರೆ, ಎಷ್ಟು ಅಂತ ಮೊದಲೇ ಗೊತ್ತು. "ಏನಾದ್ರೂ ಕೊಡಿ" ಇಲ್ಲ. ಕೆಟ್ಟದ್ದೇನು ಅಂದರೆ, ಬಾಗಿಲು ತಟ್ಟಿದರೆ ಏಜೆಂಟ್‌ಗೆ ಲಾಭ. ಫೋನಿನಲ್ಲಿ ಮುಗಿಯುವುದನ್ನೂ ಬಾಗಿಲವರೆಗೆ ಎಳೆಯುತ್ತಾರೆ ಅನ್ನುವ ದೂರು ಇಲ್ಲಿ ಮಾಮೂಲು. ನಮ್ಮೂರಲ್ಲಿ ಬೇಲಿಫ್‌ಗೆ ಫೀಸಿನ ಪಾಲು ಕೊಟ್ಟರೆ ಕೆಲಸ ಚುರುಕಾಗುತ್ತದೆ ಅಂತ ಯಾರಾದರೂ ಹೇಳುವ ಮುಂಚೆ ಇದನ್ನೂ ನೋಡಿ.

ಎಲ್ಎಲ್‌ಬಿ ಕೊನೇ ಬೆಂಚು

ಫಿಲಿಪ್ಪೀನ್ಸ್ ಇದಕ್ಕೆ ಒಂದು ದಾರಿ ಮಾಡಿಕೊಂಡಿದೆ. ನನಗೆ ತುಂಬಾ ಇಷ್ಟವಾಯಿತು. ಅಲ್ಲಿ ಈ ಕೆಲಸ ಮಾಡುವವರು ಶೆರಿಫ್. ಅಲ್ಲಿನ ನ್ಯಾಯಾಲಯ ನಿಯಮಗಳ 141ನೇ ರೂಲ್ ಪ್ರಕಾರ, ಖರ್ಚು ಎಷ್ಟಾಗಬಹುದು ಅಂತ ಶೆರಿಫ್ ಮೊದಲು ಅಂದಾಜು ಪಟ್ಟಿ ಕೊಡಬೇಕು. ಕೋರ್ಟು ಅದನ್ನು ಒಪ್ಪಬೇಕು. ಪಾರ್ಟಿ ಆ ದುಡ್ಡನ್ನು ಕೋರ್ಟಿನ ಕ್ಲರ್ಕ್ ಬಳಿ ಠೇವಣಿ ಇಡುತ್ತಾರೆ, ಶೆರಿಫ್ ಕೈಗೆ ಕೊಡುವ ಹಾಗಿಲ್ಲ. ಶೆರಿಫ್ ಅಲ್ಲಿಂದ ಪಡೆದು, ಕೆಲಸ ಮುಗಿಸಿ, ವರದಿ ಕೊಡುವ ಅವಧಿಯೊಳಗೇ ಲೆಕ್ಕ ಒಪ್ಪಿಸಬೇಕು. ಉಳಿದದ್ದು ಪಾರ್ಟಿಗೆ ವಾಪಸ್. ಖರ್ಚಾದದ್ದು ಸೋತವನ ಮೇಲೆ. ಕೆಲಸ ಪೂರ್ತಿ ಆಗದಿದ್ದರೆ ಪ್ರತಿ 30 ದಿನಕ್ಕೊಂದು ವರದಿ.

ನೇರವಾಗಿ ದುಡ್ಡು ತಗೊಂಡ ಶೆರಿಫ್‌ಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಶಿಕ್ಷಿಸಿದೆ. "ಪಾರ್ಟಿಯೇ ಇಷ್ಟಪಟ್ಟು ಕೊಟ್ಟರು, ಜಾರಿಗೇ ಖರ್ಚು ಮಾಡಿದೆ" ಅಂದರೂ ಬಿಟ್ಟಿಲ್ಲ.

ನಮ್ಮಲ್ಲಿ ಇದು ಆಗದ ಮಾತು ಅನ್ನಬೇಡಿ. ಕೋರ್ಟ್ ಕಮಿಷನರ್‌ಗೆ (ಸ್ಥಳ ನೋಡಿ ವರದಿ ಕೊಡಲು ಕೋರ್ಟು ನೇಮಿಸುವವರು) ನಾವು ಮಾಡುವುದು ಇದನ್ನೇ ಅಲ್ವಾ? ನಮ್ಮ ಸಂಹಿತೆಯ 26ನೇ ಆದೇಶದ 15ನೇ ನಿಯಮದಲ್ಲಿ, ಕಮಿಷನ್ ಖರ್ಚನ್ನು ಮೊದಲೇ ಕೋರ್ಟಿಗೆ ಕಟ್ಟಿಸಬಹುದು ಅಂತ ಇದೆ. ಜಾಗ ಅಳೆಯುವ ಕಮಿಷನರ್‌ಗೆ ಕೋರ್ಟ್ ಮೂಲಕ ದುಡ್ಡು, ಅದೇ ಜಾಗ ಬಿಡಿಸಿಕೊಡುವ ಬೇಲಿಫ್‌ಗೆ ಗುಮಾಸ್ತರ ಮೂಲಕ ದುಡ್ಡು. ಇದ್ಯಾವ ನ್ಯಾಯ?

ಹಳೇ ಬೇಲಿಫ್

ತಮ್ಮಾ, ಒಳ್ಳೇ ಪ್ರಶ್ನೆ. ಬಂಧನ ವಾರಂಟಿನಲ್ಲಿ ನಮ್ಮಲ್ಲೂ ಆ ಪದ್ಧತಿ ಇದೆ. ಸಾಲ ಕಟ್ಟದವನನ್ನು ಹಿಡಿದು ತರಬೇಕಾದರೆ, ಕೋರ್ಟಿಗೆ ತರುವವರೆಗಿನ ಅವನ ಊಟೋಪಚಾರದ ದುಡ್ಡನ್ನು ಡಿಕ್ರಿದಾರ ಮೊದಲು ಕೋರ್ಟಿಗೆ ಕಟ್ಟಬೇಕು. 21ನೇ ಆದೇಶ, 39ನೇ ನಿಯಮ. ಕಟ್ಟದಿದ್ದರೆ ಹಿಡಿಯುವ ಹಾಗೇ ಇಲ್ಲ. ಆಮೇಲೆ ಅದು ದಾವೆಯ ಖರ್ಚಿಗೇ ಸೇರುತ್ತೆ. ಹಿಡಿದವನಿಗೆ ಅನ್ನ ಹಾಕೋದಕ್ಕೆ ಇಷ್ಟು ಚೆನ್ನಾಗಿ ನಿಯಮ ಬರೆದವರು, ಬೀಗ ಒಡೆಯುವವನನ್ನು ಮರೆತುಬಿಟ್ಟರು.

ಕರಿಕೋಟು

ಪೂರ್ತಿ ಮರೆತಿಲ್ಲ ಸರ್. ಒತ್ತುವರಿ ಗೋಡೆ ತೆಗೆಯಿರಿ ಅನ್ನುವಂಥ ಆಜ್ಞೆ ಇದ್ದು, ಸೋತವನು ತೆಗೆಯದಿದ್ದರೆ 21ನೇ ಆದೇಶದ 32ನೇ ನಿಯಮದ 5ನೇ ಉಪನಿಯಮ ಇದೆ. ಡಿಕ್ರಿದಾರರಿಂದಲೋ ಬೇರೆಯವರಿಂದಲೋ ಕೋರ್ಟು ಕೆಲಸ ಮಾಡಿಸಬಹುದು. ಖರ್ಚನ್ನು ಕೋರ್ಟು ಹೇಳಿದ ರೀತಿಯಲ್ಲಿ ಲೆಕ್ಕ ಹಾಕಿ, ಡಿಕ್ರಿಯಲ್ಲೇ ಸೇರಿದ್ದ ಹಾಗೆ ವಸೂಲಿ ಮಾಡಬಹುದು. ಜೆಸಿಬಿ ಬಾಡಿಗೆ ಹೀಗೆ ವಾಪಸ್ ಕೇಳಬಹುದು. ಮೇಡಂ ಅವರದು ಸ್ವಾಧೀನದ ಡಿಕ್ರಿ, 35ನೇ ನಿಯಮದ್ದು. ಹಾಗಾಗಿ ಇಲ್ಲಿ ಮೆಮೊ, ಆದೇಶ, ವೆಚ್ಚದ ಅರ್ಜಿ ಅಂತಲೇ ಹೋಗಬೇಕು.

ಅಂದಹಾಗೆ, ಅಮಲ್ಜಾರಿ 6 ತಿಂಗಳಲ್ಲಿ ಮುಗಿಯಬೇಕು ಅಂತ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ರಾಹುಲ್ ಶಾ ಪ್ರಕರಣದಲ್ಲಿ ಹೇಳಿತು. ಅದು ನಮ್ಮ ಬೆಂಗಳೂರಿನ ಜಾಗದ್ದೇ ಜಗಳ. ಅಗತ್ಯವಿದ್ದರೆ ಪೊಲೀಸ್ ನೆರವು ಕೊಡಿಸಿ, ವಾರಂಟ್ ಜಾರಿ ಮಾಡುವ ಸಿಬ್ಬಂದಿಗೆ ಕೈಪಿಡಿ ಮಾಡಿ, ತರಬೇತಿ ಕೊಡಿ ಅಂತಲೂ ಅದೇ ತೀರ್ಪಿನಲ್ಲಿದೆ. 2025ರಲ್ಲಿ ಅದೇ ಕೋರ್ಟು ಲೆಕ್ಕ ತರಿಸಿ ನೋಡಿದಾಗ ದೇಶದಲ್ಲಿ 8.8 ಲಕ್ಷಕ್ಕೂ ಜಾಸ್ತಿ ಅಮಲ್ಜಾರಿ ಅರ್ಜಿ ಬಾಕಿ ಇದ್ದವು. ಪೊಲೀಸ್ ನೆರವಿನ ಅರ್ಜಿ ಹಾಕುವಾಗ 2021ರ ತೀರ್ಪು ಉಲ್ಲೇಖಿಸಿ, ಉಪಯೋಗಕ್ಕೆ ಬರುತ್ತದೆ.

ಮಲೆನಾಡ ಮಗಳು

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳ್ತೇನೆ.

ವಕೀಲರ ಹತ್ತಿರ ನೇರವಾಗಿ ಮಾತಾಡಿದೆ. ಅವರಿಗೆ 15 ಸಾವಿರದ ಮಾತೇ ಗೊತ್ತಿರಲಿಲ್ಲವಂತೆ, ನಂಬುವುದು ಬಿಡುವುದು ಬೇರೆ ಮಾತು. ಬೀಗ ಒಡೆಯಲು, ಪೊಲೀಸ್ ನೆರವಿಗೆ ಅರ್ಜಿ ಹಾಕಿದರು. ಅಂದಾಜು ಖರ್ಚಿನ ಮೆಮೊ ಹಾಕಲು ಮೊದಲು "ಅದೆಲ್ಲ ಯಾರೂ ಹಾಕಲ್ಲಮ್ಮ" ಅಂದರು. ಹಟ ಮಾಡಿದ್ದಕ್ಕೆ ಹಾಕಿದರು. ನ್ಯಾಯಾಧೀಶರು ಏನೂ ಕೇಳಲಿಲ್ಲ, ಫೈಲಿಗೆ ಸೇರಿಸಿ ಅಂದರು, ಅನುಮತಿಯೂ ಕೊಟ್ಟರು.

ಜಾರಿ ದಿನ ಬೇಲಿಫ್ ಬೆಳಗ್ಗೆಯೇ ಬಂದರು. ಮನೆ ಬೀಗ ಹಾಕಿತ್ತು. ಪಂಚರನ್ನು ಕರೆದು, ಬೀಗ ತೆಗೆಸಿ, ಒಳಗಿದ್ದ ಸಾಮಾನು ಪಟ್ಟಿ ಮಾಡಿದರು. ಮೊಬೈಲಲ್ಲಿ ಫೋಟೋ ತೆಗೆದುಕೊಂಡರು. ಬೀಗದವನಿಗೆ 1,200, ಇಬ್ಬರು ಕೂಲಿಯವರಿಗೆ 1,600, ಟೆಂಪೋಗೆ 1,500. ಎಲ್ಲ ನಾನೇ ಕೊಟ್ಟೆ, ಫೋನ್‌ಪೇಯಲ್ಲಿ. ಬೇಲಿಫ್ ಒಂದು ಪೈಸೆ ಕೇಳಲಿಲ್ಲ. ಖರ್ಚು ಮಹಜರಿನಲ್ಲಿ ಬರೆಯಿರಿ ಅಂದಾಗ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಬರೆದರು.

ಒಂದು ಅನುಮಾನ. ವಾಪಸ್ ಹೋಗುವಾಗ ಅವರನ್ನು ನಮ್ಮ ಕಾರಲ್ಲೇ ಕೋರ್ಟಿಗೆ ಬಿಟ್ಟೆವು. ಮಧ್ಯಾಹ್ನ ಊಟವನ್ನೂ ಎಲ್ಲರ ಜೊತೆ ಮಾಡಿದರು. ಅದು ತಪ್ಪಾಗುತ್ತಾ?

ಹಳೇ ಬೇಲಿಫ್

ಊಟದ ಹೊತ್ತಿಗೆ ಎಲೆ ಹಾಕಿದ್ದಕ್ಕೆ ಯಾರೂ ನೇಣು ಹಾಕಲ್ಲ ತಾಯಿ. ಆದರೆ ನಾನು ಮಾಡ್ತಿರಲಿಲ್ಲ. ಎದುರು ಪಾರ್ಟಿ ಬೀದಿಯಲ್ಲಿ ನಿಂತಿರುವಾಗ ಡಿಕ್ರಿದಾರರ ಮನೆ ಊಟ ಮಾಡಿದರೆ ನಾಳೆ ಅವರು ಜಾರಿಗೆ ಆಕ್ಷೇಪಿಸಿ ಹಾಕುವ ಅಡ್ಡಿ ಅರ್ಜಿಯಲ್ಲಿ ಅದೇ ಮೊದಲ ಸಾಲು.

ಕಾರಿನ ವಿಷಯ ಊಟಕ್ಕಿಂತ ದೊಡ್ಡದು. ಬಸ್ಸಿಲ್ಲದ ಊರಿಗೆ ಪಾರ್ಟಿ ಗಾಡಿಯಲ್ಲಿ ಹೋಗೋದು ನಡೆಯುತ್ತೆ. ಆದರೆ "ಡಿಕ್ರಿದಾರರ ವಾಹನದಲ್ಲಿ ಹೋದೆ" ಅಂತ ವರದಿಯಲ್ಲಿ ಬರೆಯಬೇಕು, ಆ ಪ್ರಯಾಣಕ್ಕೆ ಟಿಎ ಬರೆಯಬಾರದು. ಪಾರ್ಟಿ ಕಾರಲ್ಲಿ ಹೋಗಿ ಸರ್ಕಾರಕ್ಕೆ ಬಸ್ ಚಾರ್ಜ್ ಹಾಕೋದು ಸಣ್ಣ ದುಡ್ಡೇ ಇರಬಹುದು, ಆದರೆ ಸುಳ್ಳು ಬಿಲ್ಲು. ಕೆಲಸಕ್ಕೇ ಕುತ್ತು ತರುತ್ತೆ. ಈಗಿನವರಿಗೆ ಎನ್‌ಸ್ಟೆಪ್ ಅಂತ ಫೋನಿನಲ್ಲೇ ಆ್ಯಪ್ ಇದೆ. ಸಮನ್ಸ್, ನೋಟಿಸ್ ಕೊಟ್ಟ ಜಾಗದ ಜಿಪಿಎಸ್, ಫೋಟೋ ಎಲ್ಲ ದಾಖಲಾಗುತ್ತೆ. ಮರದ ಕೆಳಗೆ ಕೂತು "ಮನೆಗೆ ಹೋದೆ, ಯಾರೂ ಇರಲಿಲ್ಲ" ಅಂತ ಬರೆಯೋ ಕಾಲ ಹೋಯಿತು.

ಲಾರಿ ಬ್ರೋಕರ್

ತಡವಾಗಿ ಬಂದೆ. ನಮ್ಮದು ಹಣದ ಡಿಕ್ರಿ. ಎದುರಾಳಿಯ ಲಾರಿ ಜಪ್ತಿ ಮಾಡಿಸಿದ್ದೇವೆ. ನಿಲ್ಲಿಸಿರುವ ಯಾರ್ಡಿನವನು ದಿನಕ್ಕೆ ಇಷ್ಟು ಅಂತ ಬಾಡಿಗೆ ಕೇಳ್ತಿದ್ದಾನೆ, ಬೇಲಿಫ್ "ನೀವೇ ಕೊಡಿ" ಅಂತಾರೆ. ಇದು ಯಾರ ಖರ್ಚು?

ಕರಿಕೋಟು

ಸದ್ಯಕ್ಕೆ ನಿಮ್ಮದು. 21ನೇ ಆದೇಶದ 43ನೇ ನಿಯಮದಲ್ಲಿ, ಜಪ್ತಿ ಮಾಡಿದ ಅಧಿಕಾರಿ ಸ್ವತ್ತನ್ನು ತನ್ನ ವಶದಲ್ಲೋ ತನ್ನ ಕೈಕೆಳಗಿನವರ ವಶದಲ್ಲೋ ಇಡಬೇಕು, ಅದರ ಜವಾಬ್ದಾರಿ ಅವನದೇ ಅಂತಿದೆ. ಆದರೆ ಕೋರ್ಟ್ ಆವರಣದಲ್ಲಿ ಲಾರಿ ನಿಲ್ಲಿಸಲು ಜಾಗ ಎಲ್ಲಿದೆ? ಅಪಘಾತ ಪರಿಹಾರದ ಬಾಕಿಗೆ ಸಾರಿಗೆ ನಿಗಮದ ಬಸ್ಸು ಜಪ್ತಿಯಾದ ಸುದ್ದಿ ಪೇಪರಿನಲ್ಲಿ ಓದಿರ್ತೀರಿ. ಕೋರ್ಟ್ ಮುಂದೆ ಬಸ್ಸು ನಿಂತ ಫೋಟೋ ಬರುತ್ತದೆ. ಬಸ್ಸು ಓಡದಿದ್ದರೆ ದಿನಾ ನಷ್ಟ, ಹಾಗಾಗಿ ದುಡ್ಡು ಬೇಗ ಬರುತ್ತದೆ. ಖಾಸಗಿ ಲಾರಿ ಹಾಗಲ್ಲ, ತಿಂಗಳುಗಟ್ಟಲೆ ನಿಂತು ಟೈರ್ ಹೋಗುತ್ತದೆ.

ಯಾರ್ಡಿನವನ ದರವನ್ನು ಬರಹದಲ್ಲಿ ತಗೊಳ್ಳಿ. ವಾಹನ ಎಲ್ಲಿದೆ, ದಿನದ ಬಾಡಿಗೆ ಎಷ್ಟು ಅಂತ ಬೇಲಿಫ್ ವರದಿಯಲ್ಲಿ ಬರೆಸಿ. ಬರೆದಿಲ್ಲ ಅಂದರೆ ನೀವೇ ಮೆಮೊ ಹಾಕಿ. ಆಮೇಲೆ ಹರಾಜಿಗೆ ಬೇಗ ಅರ್ಜಿ ಕೊಡಿ. ಕಾಯ್ದಿಡುವ ಖರ್ಚು ಸ್ವತ್ತಿನ ಬೆಲೆಯನ್ನೇ ಮೀರುವ ಹಾಗಿದ್ದರೆ ಕೂಡಲೇ ಮಾರಬಹುದು ಅಂತ ಅದೇ ನಿಯಮದಲ್ಲಿದೆ. ಲಾರಿ ತೀರಾ ಹಳೆಯದಾದರೆ ಆ ಮಾತನ್ನೇ ಹಿಡಿಯಿರಿ. ಹರಾಜಿನ ದುಡ್ಡಿನಲ್ಲಿ ಕಾಯ್ದಿಟ್ಟ ಖರ್ಚನ್ನು ಮೊದಲು ಕೊಡಿಸಿ ಅಂತ ಕೇಳಿ.

ಹರಾಜಿಗೆ ಸಂಬಂಧಪಟ್ಟ ಅಧಿಕಾರಿ ತಾನಾಗಲಿ, ಬೇರೆಯವರ ಹೆಸರಲ್ಲಾಗಲಿ ಕೂಗುವಂತಿಲ್ಲ, 73ನೇ ನಿಯಮ. ಯಾರ್ಡಿನವನು ಯಾರ ಪೈಕಿ ಅಂತ ಒಂದು ಸಲ ವಿಚಾರಿಸಿಕೊಳ್ಳಿ.

ಲಾರಿ ಬ್ರೋಕರ್

ಯಾರ್ಡಿನವನು ಇವತ್ತೇ ದರ ಬರೆದುಕೊಟ್ಟ, ದಿನಕ್ಕೆ 250. ಮುಂದಿನ ಡೇಟಿಗೆ ಮೆಮೊ ಹಾಕಿಸ್ತೇನೆ. ಯಾರ ಪೈಕಿ ಅಂತಲೂ ವಿಚಾರಿಸ್ತೇನೆ ಸರ್.